ಜೈಂಟ್ ವೀಲ್ ಮೇಲಿನ ಹಿತ್ತಲು

ದೆವ್ವ, ಗಾಳಿ, ಸೋಕು ಇವನ್ನೆಲ್ಲ ನಾನು ನಂಬಿದವಳಲ್ಲ. ನಮ್ಮ ಪುಟ್ಟೇನಹಳ್ಳಿಯಲ್ಲಿ ಯಾರ ಮೈಮೇಲಾದರೂ ಏನಾದರೂ ಬಂದರೆ ಬೇರೆಯವರು ಅರಿಶಿನ ಕುಂಕುಮ ಹುಡುಕುತ್ತಿದ್ದರು, ನಾನು ಒಂದು ಕೊಡ ತಣ್ಣೀರು ಹುಡುಕುತ್ತಿದ್ದೆ. ತಲೆ ಮೇಲೆ ಸುರಿದ ಮೇಲೆ ಯಾವ ದೆವ್ವವೂ ಹೆಚ್ಚು ಹೊತ್ತು ನಿಂತದ್ದನ್ನು ಕಾಣೆ. ಹಾಗಾಗಿ ಈಗ ನಾನು ಹೇಳುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ. ಓದಿದ್ದು ನಾಲ್ಕನೇ ಕ್ಲಾಸು, ಚೆಂದ ಮಾಡಿ ಬರೆಯಲು ಬರುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಮೊಮ್ಮಗಳು ಧನ್ಯ ಆಗ ಒಂದನೇ ಕ್ಲಾಸು. ಮಗ ಮಂಜು, ಸೊಸೆ ರೂಪ ಇಬ್ಬರೂ ಕೆಲಸಕ್ಕೆ ಹೋಗುವವರು. ಬೆಳಿಗ್ಗೆ ಬಿಟ್ಟರೆ ಕತ್ತಲಾದ ಮೇಲೆಯೇ ಮನೆ. ಮಗು ಬೆಳೆದದ್ದು ನನ್ನ ಕೈಯಲ್ಲಿ. ಜಡೆ ಹಾಕುವುದು, ತುತ್ತು ತುರುಕುವುದು, ಸ್ಕೂಲು ವ್ಯಾನಿಗೆ ದಬ್ಬುವುದು ಎಲ್ಲ ನನ್ನದೇ. ಮುದ್ದು ಮಾತ್ರ ನನ್ನ ಬಾಬತ್ತಲ್ಲ. ಚಿನ್ನ, ಬಂಗಾರ, ಕಂದ ಅನ್ನುವ ಮಾತು ನನ್ನ ಬಾಯಿಗೆ ಬರುವುದಿಲ್ಲ. ನಾನು ಹೆತ್ತ ಮಕ್ಕಳನ್ನೂ ಹಾಗೆ ಕರೆದವಳಲ್ಲ. ‘ಲೇ’ ಅಂದರೆ ಧನ್ಯ ಓಡಿ ಬರುತ್ತಿದ್ದಳು, ಅಷ್ಟು ಸಾಕಾಗಿತ್ತು.

ರೂಪ ಒಂದು ಸಲ ಹೇಳಿ ನೋಡಿದಳು. “ಅತ್ತೆ, ಮಗು ಹತ್ರ ಸ್ವಲ್ಪ ಮೆತ್ತಗೆ ಮಾತಾಡಿ.”

“ಮೆತ್ಗೆ ಮಾತಾಡಕ್ಕೆ ನೀವಿಬ್ರು ಇದೀರಲ್ಲವ್ವ. ಭಾನುವಾರ ಭಾನುವಾರ ಮಾತಾಡ್ಕಳಿ” ಅಂದೆ. ಆಮೇಲೆ ಅವಳು ಆ ಮಾತು ತೆಗೆಯಲಿಲ್ಲ.

ಅವತ್ತೂ ಭಾನುವಾರವೇ. ಅವರೆಕಾಯಿ ಕಾಲ. ಬೆಳಿಗ್ಗೆಯೆಲ್ಲ ನಾನು ಹಿತ್ತಲಲ್ಲಿ ಕೂತು ನೆನೆಸಿದ ಅವರೆಕಾಳನ್ನು ಬೆರಳಲ್ಲಿ ಹಿತಕಿ, ಸಿಪ್ಪೆ ಬಿಡಿಸಿ ಬೇಳೆ ಮಾಡಿದ್ದೆ. ಮಧ್ಯಾಹ್ನ ಸಾರು ಉಂಡು ಎಲ್ಲರೂ ಆಟದ ಪಾರ್ಕಿಗೆ ಹೊರಟೆವು. ಚಿಕ್ಕಜಾಲ ದಾಟಿ ಏರ್‌ಪೋರ್ಟ್ ರಸ್ತೆಯಿಂದ ಸ್ವಲ್ಪ ಒಳಕ್ಕೆ ಹೋದರೆ ಆಗ ಅಂಥದೊಂದಿತ್ತು. ಈಗ ಇಲ್ಲ, ಅಲ್ಲಿ ಅಪಾರ್ಟ್‌ಮೆಂಟು ಎದ್ದಿದೆ. ಮಗು ಎಲ್ಲದರಲ್ಲೂ ಕೂತು ಕುಣಿದು ಕೊನೆಗೆ ಜೈಂಟ್ ವೀಲ್ ಮುಂದೆ ಬಂದು ನಿಂತುಕೊಂಡಳು. ರೂಪಗೆ ತಿರುಗುವುದರಲ್ಲಿ ಕೂತರೆ ವಾಂತಿ. ಮಂಜುಗೆ ಮಹಡಿ ಮೇಲಿಂದ ಕೆಳಗೆ ನೋಡಿದರೆ ಬೆವರು.

“ನೀನ್ ಕರ್ಕೊಂಡೋಗೋ, ಗಂಡಸಲ್ವೇನೋ” ಅಂದೆ.

“ಅಮ್ಮಾ, ನಂಗೆ ತಲೆ ತಿರುಗುತ್ತೆ ಅಂತ ಗೊತ್ತಲ್ಲ ನಿಂಗೆ.”

“ಅಂಗಾರೆ ಬಿಡು, ನಾನೇ ಓಯ್ತೀನಿ. ನೀನು ಕೆಳಗ್ ನಿಂತ್ಕಂಡು ಚಪ್ಪಾಳೆ ತಟ್ಟು.”

ಹಾಗೆ ನಾವಿಬ್ಬರೇ ಹತ್ತಿದೆವು. ಅದರ ತೊಟ್ಟಿಲುಗಳು ದುಂಡಗೆ, ಮೇಲೆ ಛತ್ರಿಯಂಥ ತಗಡು, ಸೊಂಟದ ಮಟ್ಟದ ಒಂದು ಪುಟ್ಟ ಬಾಗಿಲು, ಅದಕ್ಕೆ ಕಬ್ಬಿಣದ ಕೊಂಡಿ. ಎದುರುಬದುರು ಎರಡು ಸೀಟು. ಮಗು ಆ ಕಡೆ, ನಾನು ಈ ಕಡೆ. ಸೂರ್ಯ ಮುಳುಗಿ ಕೆಂಪು ಇನ್ನೂ ಆರಿರಲಿಲ್ಲ. ಎರಡು ಸುತ್ತು ಚೆನ್ನಾಗಿಯೇ ತಿರುಗಿತು. ಮೂರನೇ ಸಲ ನಮ್ಮ ತೊಟ್ಟಿಲು ತುದಿಗೆ ಬಂದಾಗ ಚಕ್ರ ಒಮ್ಮೆ ನರಳಿ ನಿಂತುಬಿಟ್ಟಿತು. ಕೆಳಗಿನ ದೀಪಗಳೆಲ್ಲ ಒಟ್ಟಿಗೆ ಆರಿದವು. ಕರೆಂಟು ಹೋಯಿತು ಅಂದುಕೊಂಡೆ. ನಮ್ಮ ಕಡೆ ಕರೆಂಟು ಹೋಗುವುದು ಹೊಸದೇನಲ್ಲ.

ಮೊದಲು ಹೆದರಿಕೆ ಆಗಲಿಲ್ಲ. ದೂರದ ರಸ್ತೆಯಲ್ಲಿ ಕಾರುಗಳ ದೀಪ ಸಾಲಾಗಿ ಹರಿಯುತ್ತಿತ್ತು. ಒಂದು ವಿಮಾನ ಕೆಳಗಿಳಿಯುತ್ತಿತ್ತು. ಅದನ್ನು ನೋಡುತ್ತಿದ್ದಂತೆ ಏನೋ ಸರಿಯಿಲ್ಲ ಅನ್ನಿಸಿತು. ಆಮೇಲೆ ತಿಳಿಯಿತು, ವಿಮಾನಕ್ಕೆ ಸದ್ದಿರಲಿಲ್ಲ. ಕೆಳಗೆ ಕಿರುಚುತ್ತಿದ್ದವರ ಸದ್ದೂ ರೇಡಿಯೋ ತಿರುಪನ್ನು ನಿಧಾನಕ್ಕೆ ತಿರುಗಿಸಿದ ಹಾಗೆ ಸಣ್ಣಗಾಗಿ ಇಲ್ಲವಾಯಿತು. ಗಾಳಿಗೆ ಸೆರಗು ಹಾರುತ್ತಿತ್ತು, ಆದರೆ ತೊಟ್ಟಿಲು ತೂಗುತ್ತಿರಲಿಲ್ಲ. ನೆಲದ ಮೇಲೆ ಇಟ್ಟ ಪಾತ್ರೆಯ ಹಾಗೆ ಕೂತಿತ್ತು. ಆಮೇಲೆ ವಾಸನೆ ಬಂತು. ನೆನೆದ ಅವರೆಸಿಪ್ಪೆಯ ವಾಸನೆ, ಒದ್ದೆ ಕಲ್ಲಿನ ವಾಸನೆ. ನನ್ನ ಕೈಯದೇ ಇರಬೇಕು ಅಂತ ಮೂಸಿ ನೋಡಿಕೊಂಡೆ. ನನ್ನ ಕೈ ಸೋಪಿನ ವಾಸನೆ ಬರುತ್ತಿತ್ತು.

“ಅಜ್ಜಿ, ನಮ್ಮನೆ” ಅಂದಳು ಧನ್ಯ.

ಬಾಗಿಲಾಚೆ ನಮ್ಮ ಹಿತ್ತಲಿತ್ತು. ಇದ್ದಕ್ಕಿದ್ದಂತೆ ಬಂತು ಅಂತ ಹೇಳಲಾರೆ, ಮೊದಲಿಂದ ಅಲ್ಲೇ ಇದ್ದು ನಾವು ಈಗ ತಿರುಗಿ ನೋಡಿದ ಹಾಗಿತ್ತು. ಬಟ್ಟೆ ಒಗೆಯುವ ಕಲ್ಲು, ಪಕ್ಕದಲ್ಲಿ ನಲ್ಲಿ, ತಂತಿಯ ಮೇಲೆ ಮಗುವಿನ ಯೂನಿಫಾರ್ಮು, ಗೋಡೆಯ ಮೇಲೆ ಹಳದಿ ಬಲ್ಬು. ತೊಟ್ಟಿಲ ಅಂಚೂ ಹಿತ್ತಲ ನೆಲವೂ ಒಂದೇ ಮಟ್ಟಕ್ಕೆ ಕೂಡಿದ್ದವು. ಒಂದು ಹೆಜ್ಜೆ ಇಟ್ಟರೆ ಸಾಕು. ಕಲ್ಲಿನ ಹತ್ತಿರ ಒಬ್ಬ ಹೆಂಗಸು ನಮಗೆ ಬೆನ್ನು ಹಾಕಿ ಕೂತು ಅವರೆ ಹಿತಕುತ್ತಿದ್ದಳು. ಸಿಪ್ಪೆಯಿಂದ ಚಿಮ್ಮಿದ ಬೇಳೆ ನೀಲಿ ಟಬ್ಬಿಗೆ ಬೀಳುವ ಸದ್ದು ಮಾತ್ರ ಕೇಳುತ್ತಿತ್ತು.

ನಮ್ಮ ಬೆನ್ನು ಹೇಗಿದೆ ಅಂತ ಯಾರಿಗೆ ಗೊತ್ತಿರುತ್ತದೆ? ನಾನು ನನ್ನದನ್ನು ನೋಡಿದವಳಲ್ಲ. ತುರುಬು ಇಷ್ಟು ಸೊಟ್ಟಗಿದೆ ಅಂತಲೂ ಗೊತ್ತಿರಲಿಲ್ಲ. ಆದರೆ ಅವಳು ಉಟ್ಟಿದ್ದ ಗಿಳಿಹಸಿರು ಸೀರೆ ಆಗ ನನ್ನ ಮೈಮೇಲೆಯೇ ಇತ್ತು. ಮಂಡಿನೋವಿಗೆ ಬಲಗಾಲನ್ನು ಮುಂದಕ್ಕೆ ಚಾಚಿ ಕೂರುವುದು ನನ್ನ ರೀತಿ, ಅವಳೂ ಹಾಗೇ ಕೂತಿದ್ದಳು. ಮಗುವಿಗೆ ಇಷ್ಟು ಗುರುತೂ ಬೇಕಾಗಲಿಲ್ಲ. ಅವಳು ದಿನವೆಲ್ಲ ಆ ಬೆನ್ನಿನ ಹಿಂದೆಯೇ ಆಡಿಕೊಂಡು ಬೆಳೆದವಳು.

“ಅಲ್ಲಿ ನೀನಿದೀಯ” ಅಂದಳು.

ಆಗ ಆ ಹೆಂಗಸು ಕರೆದಳು. ಕೈ ನಿಲ್ಲಿಸಲಿಲ್ಲ, ತಿರುಗಲೂ ಇಲ್ಲ. “ಬಾ ಚಿನ್ನಾ. ಬಾರೋ ನನ್ನ ಕಂದ. ಅಜ್ಜಿ ಹತ್ರ ಬಾ.” ಗಂಟಲು ನನ್ನದೇ. ಆದರೆ ಅಷ್ಟು ಮೃದುವಾಗಿ ಅದು ಹೊರಡಬಹುದು ಅಂತ ನನಗೇ ತಿಳಿದಿರಲಿಲ್ಲ. ನಿಜ ಹೇಳಬೇಕೆಂದರೆ, ಅದನ್ನು ಕೇಳಿ ನನಗೂ ಎದ್ದು ಹೋಗಿ ಆ ಕಲ್ಲಿನ ಪಕ್ಕ ಕೂತುಬಿಡೋಣ ಅನ್ನಿಸಿತು. ಎಲ್ಲಿದ್ದೇವೆ ಅನ್ನುವುದೇ ಮರೆತಿತ್ತು. ಕಣ್ಣು ಮುಚ್ಚುವ ಮುಂಚೆ, ನಿದ್ದೆ ಹತ್ತುವ ಹೊತ್ತಿಗೆ ಒಂದು ಹಿತ ಬರುತ್ತದಲ್ಲ, ಅಂಥದು.

ಮಗು ಎದ್ದು ಕೊಂಡಿಗೆ ಕೈ ಹಾಕಿದಳು. ಕಬ್ಬಿಣ ಕಿರ್ ಅಂತು. ಆ ಸದ್ದಿಗೆ ನನಗೆ ಎಚ್ಚರವಾಯಿತು. ನೆಲ ಎಷ್ಟು ಕೆಳಗಿದೆ ಅನ್ನುವುದು ನೆನಪಾಯಿತು. ಅವಳ ರಟ್ಟೆ ಹಿಡಿದು ಎಳೆದೆ. ಅವಳು ಕೊಸರಿಕೊಂಡಳು. ಆಮೇಲೆ ಆ ಕಡೆ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಆ ಕಡೆ ನೋಡಿದಳು. ಅವಳ ಮುಖ ಹೇಗಾಯಿತೆಂದರೆ, ಬಸ್ಸಿನಲ್ಲಿ ತಾಯಿ ಅಂದುಕೊಂಡು ಬೇರೆ ಯಾರದೋ ಸೆರಗು ಹಿಡಿದ ಮಗುವಿನ ಮುಖದ ಹಾಗೆ.

“ನೀನ್ ಯಾರು?” ಅಂತ ನನ್ನನ್ನು ಕೇಳಿದಳು.

ನಾನೇ ನಿಮ್ಮಜ್ಜಿ ಅಂದರೆ ಆಚೆಯವಳೂ ಅದನ್ನೇ ಹೇಳುತ್ತಿದ್ದಾಳೆ, ನನಗಿಂತ ಚೆನ್ನಾಗಿ ಹೇಳುತ್ತಿದ್ದಾಳೆ. ಸೀರೆ ಅದೇ, ಗಂಟಲು ಅದೇ. ಇದ್ದ ಒಂದು ಕೊಂಡಿ ಅರ್ಧ ಜಾರಿದೆ. ಮಗುವಿಗೆ ನನ್ನ ಕೈ ಅಂದರೇ ಭಯ. ಬಿಟ್ಟರೆ ಹೋಗುತ್ತಾಳೆ, ಬಿಗಿಯಾಗಿ ಹಿಡಿದರೆ ಇನ್ನಷ್ಟು ಕೊಸರುತ್ತಾಳೆ. “ಬಾ ಚಿನ್ನಾ” ಅಂತ ಮತ್ತೆ ಕರೆ ಬಂತು.

ನನಗೆ ಸಿಟ್ಟು ಬಂತು. ಹೆದರಿಕೆಯಲ್ಲ, ಸಿಟ್ಟು. ಕಾಲಿನ ಚಪ್ಪಲಿ ತೆಗೆದು ಆ ಬೆನ್ನಿಗೆ ಬೀಸಿ ಎಸೆದೆ. ಚಪ್ಪಲಿ ತೋರಿಸಿದರೆ ದೆವ್ವ ಓಡುತ್ತದೆ ಅಂತ ನಮ್ಮ ಕಡೆ ಹೇಳುತ್ತಾರೆ. ನಾನು ಅದಕ್ಕೆ ಎಸೆದದ್ದಲ್ಲ, ಕೈಗೆ ಸಿಕ್ಕಿದ್ದು ಅದು. ಚಪ್ಪಲಿ ಹಿತ್ತಲ ಕಡೆ ಹೋಯಿತು. ಬಿದ್ದ ಸದ್ದು ಬರಲಿಲ್ಲ. ಎಸೆಯುತ್ತಲೇ ಬಾಯಿ ಬಿಟ್ಟೆ.

“ಲೇ ಮುಂಡೇದೆ, ತೆಗಿಯೇ ಕೈನ! ಬೆಳಿಗ್ಗೆ ಬಾಚಿದ್ ತಲೆ ಸಂಜೆಗೆ ಗುಬ್ಬಿಗೂಡು ಮಾಡ್ಕಂಡಿದೀಯ, ಮೂಗ್ ಒರೆಸ್ಕಳಕ್ಕೆ ಬರಲ್ಲ, ಓಗ್ತಾಳಂತೆ ಓಗ್ತಾಳೆ! ಓಗಿ ಏನೇ ಮಾಡ್ತೀಯ? ಅವಳು ನಿಂಗೆ ಜಡೆ ಆಕ್ತಾಳಾ? ಟಿಫನ್ ಬಾಕ್ಸಲ್ಲಿ ಚಪಾತಿ ಅಂಗೇ ಮಡಿಕ್ಕಂಡ್ ಬಂದ್ರೆ ಕೇಳ್ತಾಳಾ? ಕೂತ್ಕಳೇ ತೆಪ್ಗೆ, ಇಲ್ಲಾಂದ್ರೆ ಚರ್ಮ ಸುಲಿತೀನಿ!”

ಇನ್ನೂ ಬಹಳ ಬಯ್ದೆ, ಬರೆಯುವಂಥದಲ್ಲ. ಬಯ್ಯುತ್ತಿದ್ದ ಹಾಗೆ ಮಗುವಿನ ರಟ್ಟೆ ನನ್ನ ಕೈಯಲ್ಲಿ ಸಡಿಲವಾಯಿತು. ಅವಳು ಕೊಂಡಿ ಬಿಟ್ಟಳು. ಬಂದು ನನ್ನ ತೊಡೆಗೆ ಮುಖ ಒತ್ತಿ, “ನೀನೇ” ಅಂದಳು. ನಾನು ಕೊಂಡಿಯನ್ನು ಸರಿಯಾಗಿ ಸಿಕ್ಕಿಸಿ ಅದರ ಮೇಲೆ ಕೈ ಇಟ್ಟುಕೊಂಡು ಕೂತೆ. ಬಯ್ಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಆ ಕರೆ ಮತ್ತೆ ಕೇಳೀತು ಅಂತ.

ಎಷ್ಟು ಹೊತ್ತೋ ತಿಳಿಯದು. ಚಕ್ರ ಜಗ್ಗಿ ಅಲುಗಾಡಿತು. ನಾವು ಇಳಿಯತೊಡಗಿದೆವು, ಹಿತ್ತಲು ಅಲ್ಲೇ ಮೇಲೆ ಉಳಿಯಿತು, ರೈಲು ಹೊರಟಾಗ ಪ್ಲಾಟ್‌ಫಾರ್ಮ್ ಹಿಂದೆ ಉಳಿಯುವ ಹಾಗೆ. ಹಳದಿ ಬೆಳಕು ಸಣ್ಣದಾಗುತ್ತ ಹೋಯಿತು. ಅವಳು ಕೊನೆಯವರೆಗೂ ತಿರುಗಲಿಲ್ಲ. ಕಾಳು ಹಿತಕುತ್ತಲೇ ಇದ್ದಳು.

ಕೆಳಗೆ ಎಲ್ಲ ಮಾಮೂಲಿ. ಕರೆಂಟು ಬಂದಿರಲಿಲ್ಲ. ಜನರೇಟರು ಹಿಡಿಯದೆ ಪಾರ್ಕಿನವರೇ ಕಂಬಿ ಹಿಡಿದು ಚಕ್ರವನ್ನು ಕೈಯಲ್ಲಿ ತಿರುಗಿಸಿ ಒಬ್ಬೊಬ್ಬರನ್ನೇ ಇಳಿಸುತ್ತಿದ್ದರು. ನಮ್ಮ ಹಿಂದಿನ ತೊಟ್ಟಿಲಲ್ಲಿದ್ದ ಹುಡುಗನೊಬ್ಬ ಇಳಿದು ಬಂದು ಮಂಜುಗೆ, “ಗುರು, ನಿಮ್ ಅಮ್ಮನಾ? ಸಖತ್ತಾಗಿ ಬೈತಾರೆ ಕಣ್ರೀ, ನಮ್ ಭಯಾನೇ ಹೋಗ್ಬಿಡ್ತು” ಅಂದ. ಏನಾದರೂ ಕಂಡಿರಾ ಅಂತ ಕೇಳಿದೆ. ಕತ್ತಲು ಬಿಟ್ಟರೆ ಏನೂ ಕಾಣಲಿಲ್ಲ ಅಂದ. ಮಂಜು ಕೈಯಲ್ಲಿ ನನ್ನ ಚಪ್ಪಲಿ ಇತ್ತು. “ಮೇಲಿಂದ ಬಂದು ಪಕ್ಕದಲ್ಲೇ ಬಿತ್ತಮ್ಮ. ಏನಾಗೋಯ್ತೋ ಅಂತ ಪ್ರಾಣಾನೇ ಹೋಗಿತ್ತು” ಅಂದ. ಅದನ್ನು ಹಾಕಿಕೊಳ್ಳುವ ಮುಂಚೆ ಒಮ್ಮೆ ತಲೆಯೆತ್ತಿ ಚಕ್ರದ ತುದಿ ನೋಡಿದೆ. ಚಪ್ಪಲಿ ಹೋದ ದಾರಿಯಲ್ಲೇ ಮಗುವೂ ಹೋಗುತ್ತಿದ್ದಳು.

ಮಂಜು, ರೂಪರಿಗೆ ಆ ರಾತ್ರಿಯೇ ಎಲ್ಲ ಹೇಳಿದೆ. ಬೀಪಿ ಮಾತ್ರೆ ನುಂಗಿರಲಿಲ್ಲ, ಎತ್ತರ, ಹೆದರಿಕೆ ಅಂದರು. ಇರಬಹುದು. ಆದರೆ ಬೀಪಿ ನನಗಿರುವುದು, ಮಗುವಿಗಲ್ಲ. ಮೊದಲು ಕಂಡದ್ದು ಅವಳಿಗೆ. ಟಬ್ಬಿನ ಬಣ್ಣ, ತಂತಿಯ ಮೇಲಿನ ಯೂನಿಫಾರ್ಮು, ಎಲ್ಲವನ್ನೂ ಅವಳೇ ತಾಯಿಗೆ ಹೇಳಿದಳು, ನಾನು ಬಾಯಿ ಬಿಡುವ ಮುಂಚೆ. ವಿದ್ಯಾರಣ್ಯಪುರದಲ್ಲಿರುವ ನನ್ನ ತಂಗಿ ಮನೆದೇವರಿಗೆ ಹೋಗಿ ಬಾ ಅಂದಳು. ಹೋಗಲಿಲ್ಲ. ಏನಂತ ಕೇಳಿಕೊಳ್ಳುವುದು? ನನ್ನ ಬೆನ್ನು ಕಂಡೆ ಅಂತಲೇ?

ನನ್ನನ್ನು ಕಾಡುವುದು ಆ ಹಿತ್ತಲಲ್ಲ. ಹಿತ್ತಲು ನಮ್ಮದು, ಸೀರೆ ನನ್ನದು, ನನ್ನ ತಲೆಯೊಳಗಿಂದಲೇ ಹೊರಬಂದವು ಅಂತ ಬೇಕಾದರೆ ಒಪ್ಪುತ್ತೇನೆ. ಆದರೆ ಆ ಮಾತುಗಳು ನನ್ನೊಳಗೆ ಇರಲೇ ಇಲ್ಲವಲ್ಲ. ನಾನು ಹುಟ್ಟಿದಾಗಿನಿಂದ ಆಡದ ಮಾತನ್ನು ನನ್ನ ಗಂಟಲು ಎಲ್ಲಿಂದ ತಂದಿತು?

ಆ ಬೇಸಿಗೆಯಲ್ಲಿ ಧನ್ಯಳಿಗೆ ಜ್ವರ ಬಂತು. ಮಧ್ಯಾಹ್ನ, ಮನೆಯಲ್ಲಿ ನಾವಿಬ್ಬರೇ. ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದೆ. ಮೈ ಕೆಂಡದ ಹಾಗೆ ಸುಡುತ್ತಿತ್ತು. ಯಾರೂ ಇಲ್ಲವಲ್ಲ, ಒಂದು ಸಲ ಅಂದು ನೋಡೋಣ ಅನ್ನಿಸಿತು. “ಚಿನ್ನಾ” ಅಂದೆ. ಮೆತ್ತಗೇ ಅಂದೆ.

ಮಗು ಕಣ್ಣು ಬಿಟ್ಟಳು. ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. ಹಾಸಿಗೆಯಲ್ಲೇ ಹಿಂದಕ್ಕೆ ಜರುಗಿ ಗೋಡೆಗೆ ಒರಗಿ ನನ್ನನ್ನೇ ನೋಡಿದಳು.

“ಬಯ್ಯಿ” ಅಂದಳು. “ಅಜ್ಜಿ, ಬಯ್ಯಿ ನಂಗೆ.”

ಬಯ್ದೆ. ಐಸ್‌ಕ್ಯಾಂಡಿ ತಿಂದದ್ದಕ್ಕೆ, ಬಿಸಿಲಲ್ಲಿ ಕುಣಿದದ್ದಕ್ಕೆ, ಮಾತ್ರೆ ಉಗಿದದ್ದಕ್ಕೆ, ಒಂದೊಂದಕ್ಕೂ ಬಯ್ದೆ. ಅವಳು ಮೆಲ್ಲಗೆ ಹತ್ತಿರ ಸರಿದು, ನನ್ನ ಸೆರಗಿನ ಚುಂಗು ಹಿಡಿದುಕೊಂಡು ಮಲಗಿದಳು. ಈಗ ನನ್ನ ಭುಜದ ಎತ್ತರಕ್ಕೆ ಬೆಳೆದಿದ್ದಾಳೆ, ಎದುರು ಮಾತಾಡುತ್ತಾಳೆ, ಆ ಸಂಜೆಯ ಸುದ್ದಿ ಎತ್ತುವುದಿಲ್ಲ. ‘ಚಿನ್ನಾ’ ಅನ್ನುವ ಮಾತನ್ನು ನಾನು ಮತ್ತೆ ಆಡಿಲ್ಲ. ಅದು ನನ್ನದಲ್ಲ, ಆಚೆಯವಳದು. ಅವಳು ಯಾರೋ ನನಗೆ ಗೊತ್ತಿಲ್ಲ.