ಸಪ್ಪಳ ಇಲ್ಲದ ಕೀಬೋರ್ಡ್

ನಮ್ಮ ಮನಿಯವರು ತೀರಿಕೊಂಡ ಮ್ಯಾಲ ಅವರ ಜಾಗಾದಾಗ ನನಗ ಸೊಲ್ಲಾಪುರದ ಸರ್ಕಾರಿ ಆಫೀಸಿನ್ಯಾಗ ಕ್ಲರ್ಕ್ ನೌಕ್ರಿ ಸಿಕ್ತು. ಆರ್ಡರಿನ ಕೆಳಗ ಒಂದು ಶರತ್ತಿತ್ತು. ಮರಾಠಿ ಟೈಪಿಂಗ್ ಪರೀಕ್ಷಾ ಪಾಸಾಗಬೇಕು, ಮಿನಿಟಿಗೆ ಮೂವತ್ತು ಶಬ್ದ, ಇಲ್ಲಂದ್ರ ನೌಕ್ರಿ ಹೋಗ್ತದ. ಮೊದಲ ಸಲ ನಾ ನಾಪಾಸಾದೆ. ಸಾಹೇಬರು ಕರದು, ಈ ಸಲಾನೂ ಆಗಲಿಲ್ಲ ಅಂದ್ರ ನನ್ನ ಕೈಯಾಗ ಏನೂ ಇಲ್ಲ ನೋಡ್ರಿ ಅಂದ್ರು. ಬೈದಿದ್ರ ತಡಕೋತಿದ್ದೆ. ಅವರು ಸಮಾಧಾನದಿಂದ ಹೇಳಿದ್ದಕ್ಕನ ನನಗ ಅಂಜಿಕಿ ಬಂತು.

ನಾ ತಡವಳದ ಒಕ್ಕಲತನದ ಮನಿ ಮಗಳು, ಕನ್ನಡ ಸಾಲಿ ಕಲತಾಕಿ. ಮರಾಠಿ ಬಾಯಾಗ ಅದ, ಬೆರಳಾಗ ಇಲ್ಲ. ಮನ್ಯಾಗ ನಾನು, ನಮ್ಮ ಅತ್ತಿ, ಇಬ್ಬರೇ. ಇಬ್ಬರ ಹೊಟ್ಟಿಗೂ ನನ್ನ ಪಗಾರ ಒಂದೇ. ಮನಿಯವರ ಕಂಪ್ಯೂಟರ್ ಇತ್ತು ಖರೆ, ಆದರ ಅದರ ಕೀಬೋರ್ಡಿನ ವೈರ್ ಇಲಿ ಕಡದು ಹಾಕಿತ್ತು. ಅಂಜೋರ ಮ್ಯಾಲ ಕಪ್ಪಿ ಒಗದಂಗ, ಪರೀಕ್ಷಾ ಎರಡು ತಿಂಗಳಿದ್ದಾಗ ಇದೊಂದು.

ನವಿ ಪೇಠ ಬಜಾರಿನ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯಂವ ನಾಕು ಕೀಬೋರ್ಡ್ ತಗದು ಮುಂದ ಇಟ್ಟ. ಒಂದಕ್ಕ ಒಳಗ ಕೆಂಪು, ನೀಲಿ ದೀಪ, ಗಣಪತಿ ಮಂಟಪದಂಗ. ಒಂದಕ್ಕ ವೈರ್ ಇಲ್ಲ, ಸೆಲ್ ಹಾಕೂದು. ಮೂರನೇದರ ಕೀಲಿ ಎತ್ತರ, ಒತ್ತಿದ್ರ ಟಕ್ ಟಕ್ ಅಂತ ಅಂಗಡಿ ತುಂಬ ಕೇಳಸ್ತಿತ್ತು. ನಾಕನೇದು ಚಪ್ಪಟಿ, ಮೆತ್ತಗ, ಬೆರಳು ಇಟ್ರ ಸಾಕು. ಏನೂ ಸಪ್ಪಳ ಇಲ್ಲ. ಮರಾಠಿ ಅಕ್ಷರ ಅಂಟಸೂ ಚೀಟಿ ಕೊಡ್ಲ್ಯಾ ಅಂದ. ಪರೀಕ್ಷಾದಾಗ ಚೀಟಿ ಇರೂದಿಲ್ಲ, ಬ್ಯಾಡ ಅಂದೆ. ಮೆತ್ತಂದು ಕಟ್ಟು ಅಂದೆ.

"ಅಕ್ಕಾರ, ಕಲಿಯೋರಿಗೆ ಇದು ಬ್ಯಾಡ್ರಿ. ಕೀಲಿ ಒತ್ತ್ಯಾದೋ ಇಲ್ಲೋ ಕೈಗೆ ತಿಳಿಯೂದಿಲ್ಲ," ಅಂದ ಅಂವ.

"ಟೈಪ್ ಮಾಡಾಕಿ ನಾನೋ ನೀನೋ?" ಅಂದೆ. ಅಂಜಿಕಿ ಬಂದಾಗ ನನಗ ಬಾಯಿ ಜೋರಾಗ್ತದ, ಅದು ಹುಟ್ಟು ಗುಣ. ಅಂವ ಕಟ್ಟಿಕೊಟ್ಟ.

ಮೆತ್ತಂದು ತಗೊಂಡಿದ್ದಕ್ಕ ಒಂದು ಕಾರಣಿತ್ತು. ನಮ್ಮೂರಾಗ ಓಣ್ಯಾಗ ಸಾವಾತಂದ್ರ ಯಾರೂ ಖಾರ ಕುಟ್ಟೂದಿಲ್ಲ. ಒನಕಿ ಸಪ್ಪಳ ದುಃಖದಾಗ ಇದ್ದೋರ ಕಿವಿಗೆ ಬೀಳಬಾರದು ಅಂತಾರ. ನಮ್ಮವ್ವ ನನಗ ಅದನ್ನ ಮೊದಲ ಕಲಿಸಿದ್ದು, ರೊಟ್ಟಿ ಬಡಿಯೂದು ಆಮ್ಯಾಲ. ನಮ್ಮ ಮನಿಯವರು ದಿನಾ ರಾತ್ರಿ ಮನ್ಯಾಗ ಕೂತು ಟೈಪ್ ಮಾಡ್ತಿದ್ರು. ಆ ಟಕ್ ಟಕ್ ಮತ್ತ ಸುರು ಆದ್ರ ಮಗನ್ನ ಕಳಕೊಂಡ ಆ ಜೀವ ಹ್ಯಾಂಗ ತಡಕೊಳ್ಳಬೇಕು ಅಂತ ನನಗ ಅನಿಸಿತ್ತು.

ರಜಾ ದಿನ ಮಧ್ಯಾಹ್ನ, ಉಳಿದ ದಿನ ಆಫೀಸಿನಿಂದ ಬಂದ ಮ್ಯಾಲ, ಕೋಣಿ ಬಾಗಲಾ ಹಾಕ್ಕೊಂಡು ಕೂಡ್ತಿದ್ದೆ. ಅತ್ತಿಗೆ ಏನೂ ಕೇಳಸಬಾರದಂತ ಗಾಳಿಗೂ ಗೊತ್ತಾಗದಂಗ ಟೈಪ್ ಮಾಡ್ತಿದ್ದೆ. ಹೊರಗ ಬಂದಾಗ ಅತ್ತಿ ನನ್ನ ಮಾರಿ ನೋಡೂದು, ನಾ ನೋಡಿದ್ರ ಕಣ್ಣು ತಿರಗಸೂದು. ಒಮ್ಮೆ ನನ್ನ ಕಪಾಟು ತಗದು ಸೀರಿ ಎಣಸಾಕತ್ತಿದ್ರು. ಏನ್ರಿ ಅತ್ತಿ ಅಂದ್ರ, ಏನಿಲ್ಲವಾ ಅಂದು ಹೋದ್ರು. ನನ್ನ ಚಿಂತಿ ನನಗ, ಅದನ್ನ ಅಲ್ಲೇ ಬಿಟ್ಟೆ.

ಪರೀಕ್ಷಾಕ್ಕ ಹನ್ನೆರಡು ದಿನ ಇದ್ದಾಗ ಒಂದು ಟೈಪಿಂಗ್ ಕ್ಲಾಸಿಗೆ ಹೋದೆ, ಅಲ್ಲಿ ಮೇಡಂ ಪರೀಕ್ಷಾ ನಡಸೂವಂಗ ಕೂಡಿಸಿ ನೋಡಿದ್ರು. ಅಲ್ಲಿ ಇದ್ದದ್ದು ಹಳೇ ಕೀಬೋರ್ಡ್, ಕೀಲಿ ಗಟ್ಟಿ. ನನ್ನ ಬೆರಳು ಮುಟ್ಟಿ ಮುಂದ ಹೋಗಿಬಿಡ್ತಿದ್ದವು, ಅಕ್ಷರ ಬೀಳ್ತಿದ್ದಿಲ್ಲ. ಪರದೆ ಮ್ಯಾಲ ನೋಡಿದ್ರ ಅರ್ಧ ಶಬ್ದ ಇಲ್ಲ. ಮಿನಿಟಿಗೆ ಹದಿನಾರು ಶಬ್ದ ಬಂತು ಅಂದ್ರು ಮೇಡಂ. ಅಂಗಡಿಯಂವ ಹೇಳಿದ್ದು ಖರೆ ಇತ್ತು.

ಮನಿಗೆ ಬಂದು ಅಡಗಿ ಮನಿ ಹೊಸ್ತಿಲ ಮ್ಯಾಲ ಕೂತೆ. ಅತ್ತಿ ಎದುರಿಗೆ ಕೂತು, "ಹೇಳಿಬಿಡವಾ. ಯಾವಾಗ ಹೋಗಾಕಿ?" ಅಂದ್ರು.

"ಎಲ್ಲಿಗ್ರಿ?"

"ತಡವಳಕ್ಕ. ದಿನಾ ಬಾಗಲಾ ಹಾಕ್ಕೊಂಡು ಸುಮ್ಮನ ಕೂಡ್ತಿ. ಒಳಗ ಒಂದು ಸಪ್ಪಳ ಇಲ್ಲ. ಅಭ್ಯಾಸ ಬಿಟ್ಟಾಳ, ನೌಕ್ರಿ ಆಸೆ ಬಿಟ್ಟಾಳ, ಅರಬಿ ಕಟ್ಟಿ ತವರಿಗೆ ಹೋಗ್ತಾಳ ಅಂತ ನಾ ಒಂದೂವರಿ ತಿಂಗಳಾತು ಜೀವ ಕೈಯಾಗ ಹಿಡ್ಕೊಂಡೀನಿ."

ಅವರಿಗೆ ದುಃಖ ಆಗಬಾರದಂತ ನಾ ಮಾಡಿದ್ದಕ್ಕ ಅವರು ಅಂಜಿಕೊಂಡು ಕೂತಿದ್ರು, ಒಂದು ಬಾಗಲಾದ ಆ ಕಡಿ. ಕಾರಣ ಹೇಳಿದೆ, ಒನಕಿ ಸಪ್ಪಳದ್ದೂ ಹೇಳಿದೆ. ಅವರು ಹಣಿ ಬಡಕೊಂಡ್ರು.

"ಅಂವ ಟೈಪ್ ಮಾಡಾಕತ್ತಿದ್ರ ನನಗ ನಿದ್ದಿ ಬರ್ತಿತ್ತು, ಹುಚ್ಚಿ. ನಿಂತ್ರ ಎಚ್ಚರ ಆಗ್ತಿತ್ತು. ನಡಿ, ಅಂಗಡಿ ತೋರಸು."

ಮರುದಿನ ಇಬ್ಬರೂ ಆಟೋದಾಗ ಹೋದ್ವಿ. ಅಂಗಡಿಯಂವಗ ನಾ ಮಾರಿ ತೋರಸಲಾರದೆ ನಿಂತೆ. ಅತ್ತಿ ಮಾತ್ರ ಒಂದೊಂದು ಕೀಬೋರ್ಡಿನ ಕೀಲಿ ಒತ್ತಿ, ಕಿವಿ ಕೊಟ್ಟು, ಗಟ್ಟಿ ಸಪ್ಪಳದ್ದು ಆರಿಸಿದ್ರು. ಬಾಗಲಾ ತೆರದು ಉಳಿದ ಹನ್ನೊಂದು ದಿನ ಬಡದೆ. ಬೆರಳಿನ ತುದಿ ಉರೀತಿದ್ದವು. ಅಂಜಿಕಿ ಹೋಗಿದ್ದಿಲ್ಲ, ಅಷ್ಟು ದಿನದಾಗ ಕೈ ತಿದ್ದಿಕೊಳ್ತದೋ ಇಲ್ಲೋ ಯಾರು ಹೇಳಬೇಕು?

ಪರೀಕ್ಷಾ ಅಕ್ಕಲಕೋಟದಾಗ ಬಿತ್ತು. ಅತ್ತಿ ಬ್ಯಾಡ ಅಂದ್ರೂ ಬಸ್ ಹತ್ತಿದ್ರು. ಒಳಗ ಸುರು ಮಾಡ್ರಿ ಅಂದದ್ದೊಂದು ನೆನಪದ, ಆಮ್ಯಾಲ ಸಾಕು ಅಂದದ್ದು. ನಡುವ ಏನು ಬಡದೆ, ಎಷ್ಟು ಬಡದೆ, ಗೊತ್ತಿಲ್ಲ. ಮುಂದ ರಿಜಲ್ಟ್ ಬಂದು ನಾ ಪಾಸಾದೆ. ಆದರ ಅವತ್ತು ಹೊರಗ ಬಂದಾಗ ಅದು ಗೊತ್ತಿದ್ದಿಲ್ಲ.

ಅತ್ತಿ ಪರೀಕ್ಷಾ ಕೋಣಿ ಕಿಡಕಿ ಕೆಳಗಿನ ಕಟ್ಟಿ ಮ್ಯಾಲ ಕೂತಿದ್ರು. ಹ್ಯಾಂಗಾತು ಅಂತ ಕೇಳಲಿಲ್ಲ.

"ಎಲ್ಲಾರ ಸಪ್ಪಳಾನೂ ಕೂಡಿ ಕೇಳಸ್ತಿತ್ತವಾ," ಅಂದ್ರು. "ನಿಂದು ಯಾವುದಂತ ತಿಳೀಲಿಲ್ಲ. ಅದಕ್ಕ ಒಳಗ ಕೂತೋರೆಲ್ಲಾ ಪಾಸಾಗ್ಲಿ ಅಂತ ಬೇಡಕೊಂಡೆ."

ನಾ ಅವರ ಬಾಜೂಕ ಕೂತು ಅಳಾಕ ಸುರು ಮಾಡಿದೆ.