ಅರಿಷಿಣ ಹಚ್ಚಿದ ಈಮೇಲು

ಈಗಲೂ ಯಾರಾದರೂ ಬಣ್ಣದ ಅಕ್ಷರ, ಹಿಂದೊಂದು ಹೂವಿನ ಚಿತ್ರ ಹಾಕಿ ಈಮೇಲ್ ಕಳಿಸಿದರೆ ನಾನು ಓದದೆ ಮುಚ್ಚಿಬಿಡುತ್ತೇನೆ. ಆಮೇಲೆ ಅವರು ಫೋನ್ ಮಾಡಿ ‘ಯಾಕ್ರೀ, ನೋಡಲಿಲ್ಲೇನು?’ ಅಂತ ಕೇಳಿದರೆ ‘ನೆಟ್ಟಗೆ ಬರೆದು ಕಳಿಸ್ರಿ, ನೋಡ್ತೀನಿ’ ಅನ್ನುತ್ತೇನೆ. ನನಗೆ ಬಾಯಿ ಜೋರು ಅಂತ ನೆಂಟರಲ್ಲೆಲ್ಲ ಹೆಸರಿದೆ. ಇರಲಿ ಬಿಡಿ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಹರಿಹರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಅಪ್ಪ ಟರ್ನರ್. ಎರಕದ ಕಬ್ಬಿಣದ ಬಿಡಿಭಾಗಗಳನ್ನು ಲೇತಿಗೆ ಕಟ್ಟಿ, ಕಡೆದು, ನುಣುಪು ಮಾಡಿ ಕೊಡುವ ಕೆಲಸ. ನಂದಿಗುಡಿ ಕಡೆಯ ಹಳ್ಳಿಯಲ್ಲಿ ಅಣ್ಣತಮ್ಮಂದಿರಿಗೆ ಗದ್ದೆ ಬಿಟ್ಟುಕೊಟ್ಟು ಬಂದವನು, ಮದುವೆಗೆ ಮುಂಚಿನಿಂದ ಅಲ್ಲೇ ಇದ್ದ. ನಾನು ಬಿಕಾಂ ಮುಗಿಸಿ, ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ ಕಂಪ್ಯೂಟರ್ ಕ್ಲಾಸೂ ಮುಗಿಸಿದ್ದೆ. ‘ನಮ್ ಹುಡುಗಿಗೆ ಕಂಪ್ಯೂಟರ್ ಬರ್ತೈತ್ರಿ’ ಅಂತ ಅಪ್ಪನೇ ವರ್ಕ್‌ಶಾಪಿನ ಸಾವ್ಕಾರ್ರಿಗೆ ಹೇಳಿ ನನ್ನನ್ನು ಅಲ್ಲಿನ ಆಫೀಸಿಗೆ ಸೇರಿಸಿದ. ಆಫೀಸು ಅಂದರೆ ಲೇತ್ ಶೆಡ್ಡಿನ ಮೂಲೆಯಲ್ಲಿ ಗಾಜು ಹಾಕಿದ ಒಂದು ಗೂಡು.

ಸಾವ್ಕಾರ್ರ ಮನೆ ದಾವಣಗೆರೆಯ ಸರಸ್ವತಿ ನಗರದಲ್ಲಿ. ತಲೆತಲಾಂತರದಿಂದ ವ್ಯಾಪಾರದ ಮನೆತನ. ಬೆಳಿಗ್ಗೆ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕಾರಿನಲ್ಲಿ ಬರುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಯಾರಿಗೂ ಏಕವಚನದಲ್ಲಿ ಬೈದವರಲ್ಲ. ಆದರೆ ಅವರದೊಂದು ಪದ್ಧತಿ ಇತ್ತು. ಮನೆಯಿಂದ ಆಗಲಿ ಆಫೀಸಿನಿಂದ ಆಗಲಿ ಹೊರಡುವ ಕಾಗದದ ನೆತ್ತಿ ಮೇಲೆ ದೇವರ ಹೆಸರು ಇರಬೇಕು, ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿರಬೇಕು. ಮದುವೆ ಕಾಗದಕ್ಕೆ ಎಲ್ಲರೂ ಹಚ್ಚುತ್ತಾರೆ, ಇವರು ಕೊಟೇಶನ್ನಿಗೂ ಹಚ್ಚಿಸುತ್ತಿದ್ದರು. ಅರಿಷಿಣ ಇಲ್ಲದ ಬೋಳು ಕಾಗದ ಬಂದರೆ ಅದು ಸಾವಿನ ಸುದ್ದಿ, ಹೊಸಲಿನಾಚೆಯೇ ಓದಿ ಹರಿದು ಬಿಸಾಕುವಂಥದ್ದು. ಈ ನಂಬಿಕೆ ನಮ್ಮ ಮನೆಯಲ್ಲೂ ಇತ್ತು, ಸುಳ್ಳು ಯಾಕೆ ಹೇಳಲಿ. ನನ್ನ ಟೇಬಲ್ಲಿನ ಮೇಲೆ ಕಲಸಿದ ಅರಿಷಿಣದ ಬಟ್ಟಲು ಇರುತ್ತಿತ್ತು, ನನ್ನ ಬೆರಳು ಯಾವಾಗಲೂ ಹಳದಿ.

ಅಷ್ಟರಲ್ಲಿ ಕಂಪ್ಯೂಟರ್ ಬಂತು. ತಂದವನು ಸಾವ್ಕಾರ್ರ ಅಳಿಯ, ದಾವಣಗೆರೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದವನು. ನಾವೆಲ್ಲ ಹಿಂದಿನಿಂದ ಅವನಿಗೆ ‘ಅಳಿಯದೇವ್ರು’ ಅನ್ನುತ್ತಿದ್ದೆವು. ಕೈಗೆ ಸೆಂಟು ಪೂಸಿಕೊಂಡು ಬಂದು ಕೀಬೋರ್ಡ್ ಮುಟ್ಟುತ್ತಿದ್ದ, ಅವನು ಹೋದ ಮೇಲೂ ಕೀಲಿಗಳು ನಾರುತ್ತಿದ್ದವು. ಈಮೇಲ್ ಪ್ರೋಗ್ರಾಮ್ ಹಾಕಿಕೊಟ್ಟ ದಿನ ಸಾವ್ಕಾರ್ರು ಪರದೆಯ ಬಿಳೀ ಹಾಳೆ ನೋಡಿ ಹಿಂದೆಮುಂದೆ ನೋಡಿದರು. ‘ಇದಕ್ಕೆ ಅರಿಷಿಣ ಹೆಂಗೆ?’ ಅಂದರು.

‘ಅದಕ್ಕೇನು ಮಾವಾರೆ, ಇದ್ರಾಗೂ ಹಚ್ಚಬೌದು’ ಅಂದ ಅಳಿಯದೇವ್ರು.

ಹಚ್ಚಿದ ನೋಡಿ! ಪರದೆ ತುಂಬ ಕಣ್ಣಿಗೆ ರಾಚುವ ಹಳದಿ. ಅದರ ಮೇಲೆ ಕುಂಕುಮದ ಬಣ್ಣದ ವಾಲಿದ ಇಂಗ್ಲಿಷ್ ಅಕ್ಷರ. ನೆತ್ತಿ ಮೇಲೆ ಹೊಳೆದಂಡೆಯ ದೇವರು ಉಕ್ಕಡಗಾತ್ರಿ ಅಜ್ಜಯ್ಯನ ಪಟ, ಎರಡು ಕಡೆ ಪಕಪಕ ಅನ್ನುವ ದೀಪ. ತೆರೆದ ಕೂಡಲೇ ಗಂಟೆ ಹೊಡೆಯುವ ಸದ್ದು ಬೇರೆ. ಹೊಸ ಮೇಲ್ ಬರೆಯಲು ಕೂತಾಗೆಲ್ಲ ಇದೇ ವೇಷ ತಾನಾಗಿ ಬರುವ ಹಾಗೆ ಮಾಡಿಟ್ಟ. ಅಜ್ಜಯ್ಯನ ಮೇಲೆ ನನಗೇನು ಸಿಟ್ಟು? ಅಮಾವಾಸ್ಯೆಗೆ ಹೋಗಿ ಹೊಳೆಯಲ್ಲಿ ಮುಳುಗಿ ಕೈಮುಗಿದು ಬರುವವರೇ ನಾವು. ಆದರೆ ‘ನಿಮ್ಮ ಡ್ರಾಯಿಂಗ್ ತಲುಪಿತು’ ಅನ್ನುವ ಒಂದು ಸಾಲಿನ ಮೇಲೆ ಅಷ್ಟೆಲ್ಲ ಹೇರಿದ್ದು ನೋಡಿದರೆ ಹೇಸಿಗೆ ಆಗುತ್ತಿತ್ತು. ಫೋನ್ ಲೈನಿನಲ್ಲಿ ಅದು ಹೋಗಬೇಕಲ್ಲ? ಅರ್ಧ ಹೋಗುವಷ್ಟರಲ್ಲಿ ಲೈನು ಕಟ್. ಮತ್ತೆ ಮೊದಲಿಂದ.

ಪೂನಾದ ಒಂದು ಪಂಪ್ ಕಂಪನಿಯವರು ವಾಲ್ವ್ ಬಾಡಿ ಕಡೆದುಕೊಡುವುದಕ್ಕೆ ರೇಟು ಕೇಳಿದ್ದು ಅದೇ ದಿನಗಳಲ್ಲಿ. ವರ್ಷವಿಡೀ ಇರುವ ಕೆಲಸ. ಅವರದು ಹೊಸ ನಿಯಮ: ಫ್ಯಾಕ್ಸು ಬೇಡ, ಫೋನಿನಲ್ಲಿ ರೇಟು ಹೇಳಬೇಡಿ, ಎಲ್ಲಾ ಈಮೇಲಿನಲ್ಲೇ ಬರಲಿ. ನಮ್ಮ ಹಳೇ ಗಿರಾಕಿಗಳು ಒಬ್ಬೊಬ್ಬರೇ ಕೈಬಿಟ್ಟಿದ್ದರು. ಸಾವ್ಕಾರ್ರು ಎಲ್ಲರನ್ನೂ ನಿಲ್ಲಿಸಿಕೊಂಡು ಬಿಡಿಸಿ ಹೇಳಿದ್ದರು: ‘ಈ ಆರ್ಡರ್ ಬಂದ್ರೆ ಲೇತ್ ನಡೀತಾವೆ. ಬರ್ಲಿಲ್ಲ ಅಂದ್ರೆ ಮಾರಿ, ಶೆಡ್ಡು ಗೋಡೌನಿಗೆ ಕೊಡ್ತೀನಿ. ನನ್ ಮ್ಯಾಲೆ ಸಿಟ್ಟಾಗಬ್ಯಾಡ್ರಿ.’

ಅವತ್ತಿನಿಂದ ಅಪ್ಪ ಊಟದ ಹೊತ್ತಿಗೆ ನನ್ನ ಗಾಜಿನ ಗೂಡಿನ ಹತ್ತಿರ ಬಂದು ನಿಲ್ಲುತ್ತಿದ್ದ. ಕೈಯ ಎಣ್ಣೆಯನ್ನು ವೇಸ್ಟ್ ದಾರದಲ್ಲಿ ಒರೆಸುತ್ತಾ ‘ಏನಾರ ಬಂತೇನು ತಾಯಿ?’ ಅಂತ ಕೇಳುತ್ತಿದ್ದ. ಐವತ್ತು ದಾಟಿದ ಟರ್ನರನ್ನು ಬೇರೆ ಯಾರೂ ತಗೊಳ್ಳುವುದಿಲ್ಲ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಬಂದಿಲ್ಲ ಅಂತ ನಾನು ತಲೆ ಆಡಿಸುತ್ತಿದ್ದೆ. ಬುತ್ತಿ ಬಿಚ್ಚುತ್ತಿದ್ದೆವು.

ನಾವು ಹಳದಿ ವೇಷದಲ್ಲಿ ಕಳಿಸಿದ್ದ ಮೇಲಿಗೆ ಕೊನೆಗೆ ಪೂನಾದಿಂದ ಉತ್ತರ ಬಂತು. ‘ನಿಮ್ಮ ಮೇಲ್ ತೆರೆದರೆ ಪುಟಗಟ್ಟಲೆ ಅರ್ಥವಿಲ್ಲದ ಅಕ್ಷರ, ಅಂಕಿ ಬರುತ್ತಿವೆ. ನಮ್ಮದು ಹಳೇ ಪ್ರೋಗ್ರಾಮ್. ದಯವಿಟ್ಟು ಪ್ಲೇನ್ ಟೆಕ್ಸ್ಟಿನಲ್ಲಿ ಕಳಿಸಿ’ ಅಂತ. ಪ್ಲೇನ್ ಟೆಕ್ಸ್ಟ್ ಅಂದರೆ ಬರೀ ಅಕ್ಷರ. ಬಣ್ಣ ಇಲ್ಲ, ಪಟ ಇಲ್ಲ, ಗಂಟೆ ಇಲ್ಲ. ಹುಡುಕಿದೆ. ಮೇಲಿನ ಸಾಲಿನಲ್ಲಿ ಒಂದು ಕಡೆ ಒತ್ತಿದರೆ ಒಂದು ಚೌಕ ತೆರೆಯುತ್ತಿತ್ತು, ಅದರಲ್ಲಿ ‘ಮೇಲ್ ಯಾವ ರೂಪದಲ್ಲಿ ಹೋಗಬೇಕು’ ಅಂತ ಎರಡೇ ಎರಡು ಸೊನ್ನೆ. ಒಂದು ಅಲಂಕಾರದ್ದು, ಒಂದು ಸಾದಾದ್ದು. ಅಲಂಕಾರದ ಸೊನ್ನೆಯೊಳಗಿದ್ದ ಚುಕ್ಕಿಯನ್ನು ಸಾದಾ ಸೊನ್ನೆಗೆ ತಂದೆ. ಅಷ್ಟೇ ಕೆಲಸ. ವೇಷವೆಲ್ಲ ಕಳಚಿ ಬಿತ್ತು. ಬಿಳೀ ಹಾಳೆ, ಕಪ್ಪು ಅಕ್ಷರ. ಅಬ್ಬಾ, ಕಣ್ಣಿಗೆ ತಣ್ಣೀರು ಚಿಮುಕಿಸಿದ ಹಾಗಾಯಿತು! ನಮ್ಮಲ್ಲಿ ಇರುವ ಲೇತ್ ಎಂಥವು, ದಿನಕ್ಕೆ ಎಷ್ಟು ಕಡೆದುಕೊಡಬಹುದು ಅಂತ ನೆಟ್ಟಗೆ ಬರೆದು ಕಳಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ಸಂಜೆಗೆ ಉತ್ತರ: ‘ಈಗ ಸರಿಯಾಗಿ ಬಂದಿದೆ. ಕೊನೆಯ ರೇಟು ಶುಕ್ರವಾರದೊಳಗೆ ತಲುಪಿಸಿ, ನಿಮಗೇ ಕೊಡುವ ಮನಸ್ಸಿದೆ.’

ಅಪ್ಪನಿಗೆ ಹೇಳಿದೆ. ಅವತ್ತು ಅವನು ಬರುತ್ತಾ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದ. ಮನೆಮಂದಿಯೆಲ್ಲ ತಿಂದೆವು.

ಹೋದ ಮೇಲುಗಳನ್ನೆಲ್ಲ ಪ್ರಿಂಟ್ ತೆಗೆದು ಸಾವ್ಕಾರ್ರ ಮುಂದೆ ಇಡಬೇಕಿತ್ತು. ಮರುದಿನ ಇಟ್ಟೆ. ಅವರು ಅದನ್ನು ಮುಟ್ಟಲೇ ಇಲ್ಲ, ಕುರ್ಚಿ ಹಿಂದಕ್ಕೆ ಸರಿಸಿದರು.

‘ಇದೇನವ್ವಾ ಇದು? ಯಾರು ಸತ್ತಾರೆ?’

‘ಯಾರೂ ಸತ್ತಿಲ್ರಿ. ಅವ್ರು ಹಿಂಗೇ ಕಳಿಸ್ರಿ ಅಂದಾರೆ. ಬಣ್ಣ ಹಚ್ಚಿ ಕಳಿಸಿದ್ರೆ ಅವ್ರಿಗೆ ಓದಾಕ ಬರಲ್ಲಂತ್ರಿ.’

‘ಶುಭಕ್ಕೆ ಹೊರಟ ಕಾಗದ ಬೋಳು ಕಳಿಸ್ತಾರೇನವ್ವ? ಆರ್ಡರ್ ಕೇಳಾಕ ಹೋಗಿ ತಿಥಿ ಕಾಗದ ಕಳಿಸಿದಂಗಾತು!’

ಅಳಿಯದೇವ್ರಿಗೆ ಫೋನು ಹೋಯಿತು. ಸೆಂಟಿನ ಕೈ ಬಂತು. ಚುಕ್ಕಿ ವಾಪಸ್ ಅಲಂಕಾರದ ಸೊನ್ನೆಗೆ ಹೋಯಿತು. ನಾನೂ ಬಿಡಲಿಲ್ಲ. ಒಬ್ಬೊಬ್ಬರ ವಿಳಾಸಕ್ಕೆ ಬೇರೆಬೇರೆ ಗುರುತು ಹಾಕಿಡಲು ಆ ಪ್ರೋಗ್ರಾಮಿನಲ್ಲೇ ದಾರಿ ಇತ್ತು, ಅದನ್ನು ಹುಡುಕಿಟ್ಟಿದ್ದೆ. ‘ಸಾವ್ಕಾರ್ರೆ, ಪೂನಾದವ್ರಿಗೆ ಮಾತ್ರ ಸಾದಾ ಹೋಗೋ ಹಂಗೆ ಮಾಡ್ತೀನ್ರಿ. ಇಲ್ಲಿ ನೀವು ಹಳದಿನೇ ಇಟ್ಕೊಳ್ರಿ’ ಅಂದೆ.

‘ಅಂದ್ರೆ ಇಲ್ಲಿ ದೇವ್ರಿಗೆ ತೋರ್ಸೋದೊಂದು, ಅಲ್ಲಿಗೆ ಕಳ್ಸೋದೊಂದು? ಅಜ್ಜಯ್ಯಗೇ ಮೋಸ ಮಾಡು ಅಂತೀರೇನವ್ವಾ?’ ಅಂದರು ಸಾವ್ಕಾರ್ರು.

ಮೈಯೆಲ್ಲ ಉರಿಯಿತು. ಅಳಿಯದೇವ್ರು ಪಕ್ಕದಲ್ಲಿ ನಿಂತು ನಗುತ್ತಿದ್ದ. ಕೊನೆಯ ರೇಟನ್ನು ತಾನೇ ದಾವಣಗೆರೆಯ ಅಂಗಡಿಯಿಂದ ಕಳಿಸುತ್ತೇನೆ, ಅಲ್ಲಿ ಲೈನು ಚೆನ್ನಾಗಿದೆ ಅಂದ. ಕಳಿಸಿದ ಕೂಡ. ಶುಕ್ರವಾರ ಬೆಳಿಗ್ಗೆ ಒಳ್ಳೇ ಗಳಿಗೆ ನೋಡಿ, ಅಜ್ಜಯ್ಯನ ಇನ್ನೂ ದೊಡ್ಡ ಪಟ ಹಾಕಿ, ಸುತ್ತ ಮಾವಿನ ತೋರಣ ಕಟ್ಟಿ.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮಧ್ಯಾಹ್ನ ಸಾವ್ಕಾರ್ರ ಮುಂದೆ ಹೋಗಿ ನಿಂತೆ. ‘ಪೂನಾಕ್ಕೊಂದು ಫೋನ್ ಹಚ್ಚಿ, ಮುಟ್ತೋ ಇಲ್ಲೋ ಕೇಳ್ತೀನ್ರಿ. ಇನ್ನೂ ಹೊತ್ತೈತೆ, ಬೇಕಾದ್ರೆ ಇನ್ನೊಂದ್ಸಲ ಕಳಿಸಬೌದು.’

‘ಬ್ಯಾಡ’ ಅಂದರು. ‘ಶುಭಕ್ಕೆ ಹೊರಟೋರನ್ನ ಹಿಂದಿನಿಂದ ಕೂಗಬಾರ್ದು.’ ಪರಊರಿಗೆ ಫೋನ್ ಹಚ್ಚಲು ಬೇಕಾದ ಎಸ್ಟಿಡಿ ಲಾಕಿನ ಕೀಲಿಯನ್ನು ಅಂಗಿ ಜೇಬಿಗೆ ಹಾಕಿಕೊಂಡರು.

ಹೊರಗೆ ಓಡಿದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಎಸ್ಟಿಡಿ ಬೂತಿನಿಂದ ಹಚ್ಚಿದೆ. ಪೂನಾದ ಆಪರೇಟರ್, ‘ಅವರು ಮೀಟಿಂಗಿನಲ್ಲಿದ್ದಾರೆ, ಏನಿದ್ದರೂ ಈಮೇಲ್ ಮಾಡಿ’ ಅಂದಳು. ಎಷ್ಟು ಸಲ ಹಚ್ಚಿದರೂ ಅದೇ ಮಾತು. ನಾನೇ ಸಾದಾದಲ್ಲಿ ಕಳಿಸಿಬಿಡುತ್ತಿದ್ದೆ, ಆದರೆ ಕೊನೆಯ ರೇಟು ಎಷ್ಟು ಹಾಕಿದ್ದಾರೆ ಅಂತ ನನಗೆ ಹೇಳಿಯೇ ಇರಲಿಲ್ಲ. ಅದು ಮಾವ, ಅಳಿಯರ ನಡುವಿನ ಮಾತು.

ಸೋಮವಾರ ಪೂನಾದವರೇ ಫೋನ್ ಮಾಡಿದರು. ಮತ್ತೆ ಅದೇ ಅರ್ಥವಿಲ್ಲದ ಅಕ್ಷರ ಬಂದಿತ್ತಂತೆ. ‘ಸಾರಿ ಮೇಡಂ, ಶುಕ್ರವಾರದವರೆಗೂ ಕಾದೆವು, ಬೇರೆ ಪಾರ್ಟಿಗೆ ಕೊಟ್ಟೆವು’ ಅಂದರು. ನಾನು ಹೋಗಿ ಹಾಗೆಯೇ ಒಪ್ಪಿಸಿದೆ. ಸಾವ್ಕಾರ್ರು ಮೆತ್ತಗೆ, ‘ನಡುವೆ ಒಂದು ಬೋಳು ಹೋತಲ್ಲ, ಅಲ್ಲೇ ಕೆಟ್ಟಿತು’ ಅಂದರು. ಅಳಿಯದೇವ್ರು ತಲೆದೂಗಿದ. ಥೂ! ಅವತ್ತು ಆ ಮುಖಕ್ಕೆ ಅರಿಷಿಣದ ಬಟ್ಟಲು ಎತ್ತಿ ಎರಚಬೇಕು ಅನ್ನಿಸಿತ್ತು. ಎರಚಲಿಲ್ಲ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಲೇತುಗಳು ಲಾರಿ ಹತ್ತಿದವು. ಅಪ್ಪ ತನ್ನ ಲೇತನ್ನು ಕೊನೆಯ ಸಲ ಒರೆಸಿಯೇ ಕೊಟ್ಟ. ಮನೆಗೆ ಬಂದು ಗೋಡೆಗೆ ಒರಗಿ ಕೂತು ‘ಅಲ್ಲ ತಾಯಿ, ಅದೊಂದು ಕಾಗದ ಯಾಕ ಹಂಗೆ ಕಳಿಸಿದಿ?’ ಅಂದ. ನಾನು ಎಲ್ಲ ಬಿಡಿಸಿ ಹೇಳಿದೆ. ಅವರು ಓದಿದ್ದು ಅದೊಂದನ್ನೇ, ಉಳಿದದ್ದೆಲ್ಲ ಅವರಿಗೆ ಕಸ, ಆ ಬೋಳು ಕಾಗದದಿಂದಲೇ ಆರ್ಡರ್ ಕೈಗೆ ಬಂದಿತ್ತು ಅಂದೆ. ಪೂನಾದವರ ಉತ್ತರ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ‘ಹೌದೌದು’ ಅಂದ. ತಿಳಿಯಿತು ಅಂದುಕೊಂಡೆ.

ಸಾವ್ಕಾರ್ರು ಎರಕದ ಮಾಲು ತರಿಸಿ ಮಾರುವ ವ್ಯಾಪಾರ ಉಳಿಸಿಕೊಂಡಿದ್ದರು, ಅದಕ್ಕೆ ಆಫೀಸು ಬೇಕಿತ್ತು. ನನ್ನನ್ನು ಬಿಡಿಸುತ್ತಾರೆ ಅಂತಲೇ ನಾನು ಕಾಯುತ್ತಿದ್ದೆ. ಬಿಡಿಸಲಿಲ್ಲ. ಯಾಕೆ ಅಂತ ಹೇಳಿದವನು ಅಳಿಯದೇವ್ರು, ನನ್ನ ಟೇಬಲ್ಲಿಗೆ ಒರಗಿಕೊಂಡು. ‘ನಿಮ್ಮಪ್ಪ ಸರಸ್ವತಿ ನಗರದ ಮನೀಗೇ ಬಂದಿದ್ದ, ಗೊತ್ತೇನು? ಹುಡುಗಿಗೆ ತಿಳೀಲಿಲ್ಲ, ತಪ್ಪಾತು, ಹೊಟ್ಟಿಗೆ ಹಾಕ್ಕೊಳ್ರಿ ಅಂತ ನಮ್ ಮಾವನ ಕಾಲಿಗೆ ಬಿದ್ದ. ಪಾಪ, ನನ್ ಕಾಲಿಗೂ ಬೀಳಾಕ ಬಂದ. ನಾನೇ ಬ್ಯಾಡ ಅಂದೆ.’

ಬಾಯಿ ಜೋರಿನವಳು ನಾನು. ನಾಲ್ಕು ಮಾತು ಅಂದು ಎದ್ದು ಹೊರಗೆ ಹೋಗಬಹುದಿತ್ತು, ಆದರೆ ಮನೆಯಲ್ಲಿ ದುಡಿಯುವವಳು ಅಂತ ಉಳಿದಿದ್ದು ಈಗ ನಾನೊಬ್ಬಳೇ. ಮದರಾಸಿನ ಪಾರ್ಟಿಗೆ ಒಂದು ಮೇಲ್ ಹೋಗಬೇಕಿತ್ತು. ಹಳದಿ ಹಾಳೆ ತೆರೆದು ಟೈಪ್ ಮಾಡಲು ಕೂತೆ.