ಹೆಡ್‌ಫೋನ್ ಹಾಕಿದವನಿಗೆ ಕೂ ಕೇಳುತ್ತದೆಯೇ?

ಇವತ್ತು ನಾನು ಎರಡು ಫಾರಿನ್ ಹೆಡ್‌ಫೋನುಗಳನ್ನು ಒಂದರ ನಂತರ ಒಂದು ಕಿವಿಗೆ ಹಾಕಿ ಹೋಲಿಸಿ ನೋಡಿದೆ. ಯಾವುದರ ಗುಣ ಏನು, ಯಾವುದರ ದೋಷ ಏನು ಎಂದು.

ನಗುವವರು ನಕ್ಕು ಮುಗಿಸಿ. ನಾನು ಕಾಯುತ್ತೇನೆ.

ಆಯಿತೇ? ಹಾಗಾದರೆ ಮುಂದೆ ಓದಿ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟ ಮುದುಕಿಗೆ ಈ ಹೆಡ್‌ಫೋನಿನ ಉಸಾಬರಿ ಯಾಕೆ ಎಂದು ಕೇಳಿದರೆ, ಸಿಟ್ಟಿನಿಂದ. (ನನ್ನ ಕಾಗುಣಿತವನ್ನು ಪತ್ರಿಕೆಯವರು ತಿದ್ದುತ್ತಾರೆ. ಈ ವಾರ ಸಿಟ್ಟನ್ನು ಮಾತ್ರ ತಿದ್ದಬೇಡಿ ಎಂದು ಹೇಳಿ ಕಳಿಸಿದ್ದೇನೆ.)

ನಮ್ಮ ಕುರ್ವೆ ನಿಮಗೆ ಗೊತ್ತಿದ್ದದ್ದೇ. ಸುತ್ತ ಶರಾವತಿ ಹೊಳೆ, ನಡುವೆ ನಾವು. ಸೇತುವೆ ಎಲೆಕ್ಷನ್ ಬಂದಾಗ ಬರುತ್ತದೆ, ಎಲೆಕ್ಷನ್ ಮುಗಿದಾಗ ಹೋಗುತ್ತದೆ. ಉಳಿದ ದಿನಗಳಿಗೆ ತಾರಿ. ತಾರಿ ಎಂದರೆ ಸುಬ್ರಾಯನ ದೋಣಿ. ಅದು ಆಚೆ ದಡದಲ್ಲಿದ್ದರೆ ಈಚೆಯವರು ನೀರಿನ ಅಂಚಿಗೆ ಹೋಗಿ ಎರಡೂ ಕೈಯನ್ನು ಬಾಯಿಗೆ ಹಿಡಿದು ಕೂ ಹಾಕಬೇಕು. ಅವನು ತಿರುಗಿ ಕೂ ಹಾಕಿ ದೋಣಿ ಬಿಡುತ್ತಾನೆ. ನಮ್ಮಲ್ಲಿ ಮೊಬೈಲಿಗೆ ರೇಂಜ್ ಇಲ್ಲ. ಕೂವಿಗೆ ಇದೆ.

ಅದರಲ್ಲೂ ಲೆಕ್ಕ ಉಂಟು. ಪೇಟೆಗೆ ಹೋಗುವವರು ಒಂದು ಸಲ ಕೂ ಹಾಕಿ ಸುಮ್ಮನೆ ನಿಲ್ಲುತ್ತಾರೆ. ಬಿಡದೆ, ಉಸಿರು ಎಳೆಯದೆ ಹಾಕುತ್ತಲೇ ಇದ್ದರೆ ಏನೋ ಅವಘಡ ಎಂದು ಅರ್ಥ. ಇದನ್ನು ನಮಗೆ ಯಾರೂ ಕಲಿಸಿದ್ದಲ್ಲ. ಎರಡೂ ದಡದಲ್ಲಿ ನಿನ್ನೆ ಹುಟ್ಟಿದ ಕೂಸಿಗೂ ಗೊತ್ತು.

ಈಗ ವಿಷಯಕ್ಕೆ ಬರುತ್ತೇನೆ.

ಹೋದ ತಿಂಗಳು ನಮ್ಮ ಪಕ್ಕದ ಮನೆಯ ಗಣಪಿ ಮಧ್ಯಾಹ್ನ ಗದ್ದೆಯ ಅಂಚಿನ ಹಾಳಿಯ ಮೇಲೆ ಹುಲ್ಲು ಕೊಯ್ಯುತ್ತಿದ್ದಳು. ಕೊಳಕುಮಂಡಲ ಕಚ್ಚಿತು. ಪಾದಕ್ಕೆ. ಗಣಪಿ ಗಟ್ಟಿ ಹೆಂಗಸು. ಕೂಲಿ ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿರುವವಳು. ಕೂಗಾಡಲಿಲ್ಲ. ಹಾವನ್ನು ನೋಡಿದ್ದಳು, ಕತ್ತಿಯನ್ನು ಅಲ್ಲೇ ಇಟ್ಟು ಕುಂಟುತ್ತಾ ನಮ್ಮ ಅಂಗಳಕ್ಕೆ ಬಂದು, "ದೊಡ್ಡಮ್ಮಾ, ಮಂಡಲ ಕಚ್ಚಿತು. ತಾರಿ ಕರಿ" ಎಂದಳು. ಅಷ್ಟೇ.

ನಾನು ಮತ್ತು ನನ್ನ ಸೊಸೆ ಮಾಲಿನಿ ಅವಳನ್ನು ಎತ್ತಿಕೊಂಡು ನೀರಿನ ಅಂಚಿಗೆ ಬಂದೆವು. ತಾರಿ ಆಚೆ ಇತ್ತು. ಹಿಂದಿನ ಮನೆಯವರ ಸಣ್ಣ ಪಾತಿ ದೋಣಿ ದೂರ ಚಿಪ್ಪುಮೀನು ತೆಗೆಯಲು ಹೋಗಿತ್ತು. ಆಚೆ ದಡದಲ್ಲಿ ಮೋನಾಬಾಯಿಯ ಚಾ ಅಂಗಡಿ. ಅದರ ಮುಂದಿನ ಬೆಂಚಿನ ಮೇಲೆ ಇಬ್ಬರು ಗಂಡಸರು ಹೊಳೆಗೆ ಬೆನ್ನು ಹಾಕಿ ಕೂತದ್ದು ಕಾಣುತ್ತಿತ್ತು. ಒಬ್ಬ ಸುಬ್ರಾಯ. ಆ ಬೆನ್ನನ್ನು ನಾನು ಎಲ್ಲಿ ನೋಡಿದರೂ ಗುರುತು ಹಿಡಿದೇನು.

ಕೂ ಹಾಕಿದೆ. ಬೆನ್ನು ಅಲ್ಲಾಡಲಿಲ್ಲ.

ಮಾಲಿನಿ ಹಾಕಿದಳು. ಇಬ್ಬರೂ ಸೇರಿ ಹಾಕಿದೆವು. ಬಿಡದೆ ಹಾಕಿದೆವು. ಮಾಲಿನಿ ಸೀರೆಯ ಸೆರಗು ಬೀಸಿದಳು. ಬೆನ್ನಿಗೆ ಸೆರಗು ಬೀಸಿದರೆ ಏನು ಪ್ರಯೋಜನ? ಗಣಪಿಯ ಪಾದ ನಮ್ಮ ಕಣ್ಣೆದುರಿಗೇ ಊದಿ, ಕಾಲುಂಗುರ ಚರ್ಮದೊಳಗೆ ಹೋಯಿತು. ನನ್ನ ಗಂಟಲು ಹರಿದು ಉಪ್ಪು ಉಪ್ಪಾಯಿತು. ಗಣಪಿ ಒಂದೇ ಮಾತು ಕೇಳಿದಳು. "ಅವ ಬತ್ನಿಲ್ಯಾ?"

ಕೊನೆಗೆ ಮೀನುಪೇಟೆಗೆ ಹೋಗಿದ್ದ ಮೋನಾಬಾಯಿ ತಿರುಗಿ ಬಂದವಳು ನಮ್ಮ ಕೂ ಕೇಳಿ ಬುಟ್ಟಿಯನ್ನು ದಾರಿಯಲ್ಲೇ ಹಾಕಿ ಓಡಿ, ಸುಬ್ರಾಯನ ತಲೆಯಿಂದ ಏನನ್ನೋ ಕಿತ್ತು ಎಸೆದದ್ದು ಕಂಡಿತು. ಆಮೇಲೆ ದೋಣಿ ಬಂತು. ಆಮೇಲೆ ರಿಕ್ಷಾ, ಹೊನ್ನಾವರ, ಆಸ್ಪತ್ರೆ, ಇಂಜೆಕ್ಷನ್.

ಗಣಪಿ ಬದುಕಿದಳು. ಕಾಲಿನ ಎರಡು ಬೆರಳು ಬದುಕಲಿಲ್ಲ. ಕಪ್ಪಾದವು, ಡಾಕ್ಟರು ತೆಗೆದರು. "ಸ್ವಲ್ಪ ಬೇಗ ತಂದಿದ್ದರೆ ಉಳಿಸಬಹುದಿತ್ತೋ ಏನೋ" ಎಂದರು. ಬೇಗ ತರುವುದು ಎಂದರೆ ಹೇಗೆ ಡಾಕ್ಟರೇ, ಈಜಿಕೊಂಡೇ?

ಸುಬ್ರಾಯನನ್ನು ಹಿಡಿದು ಕೇಳಿದೆ. ಅವನು ತಲೆ ತಗ್ಗಿಸಿ, "ದೊಡ್ಡಮ್ಮಾ, ದೇವರಾಣೆ ಕೇಳ್ಲಿಲ್ಲ. ಭಾವ ಮಸ್ಕತ್ತಿಂದ ಹೆಡ್‌ಫೋನ್ ತಂದಿದ್ದ, ಕಿವಿಗೆ ಹಾಕ್ದ. ಅದು ಹಾಕಂಡ್ರೆ ಲೋಕದ್ದು ಎಂತದೂ ಕೇಳೂದಿಲ್ಲ. ನಾ ಎಂತ ಮಾಡ್ಲಿ?" ಎಂದ.

ಊರು ಒಪ್ಪಿತು. ನೋಡಿ, ನನಗೆ ಮೊದಲು ಸಿಟ್ಟು ಬಂದದ್ದೇ ಇಲ್ಲಿ. ಪಾಪ, ಅವನಿಗೆ ಕೇಳಲಿಲ್ಲವಂತೆ. ಮೆಷಿನ್ನಿನ ತಪ್ಪಂತೆ. ಗಣಪಿಯ ಗಂಡನೂ, "ಬಿಡಿ ದೊಡ್ಡಮ್ಮಾ, ಬೇಕು ಅಂತ ಮಾಡಿದ್ದಲ್ಲ" ಎಂದ. ಬೆರಳು ಹೋದದ್ದು ಅವನದ್ದಲ್ಲವಲ್ಲ.

"ಕೇಳಲಿಲ್ಲ" ಎಂಬುದು ಎಂಥ ಅನುಕೂಲದ ಮಾತು, ಯೋಚಿಸಿ. ನಾವು ಸ್ಟಾಪಿನಲ್ಲಿ ಕೈ ಅಡ್ಡ ಹಿಡಿದು ಕೂಗಿದರೂ ಬಸ್ಸು ಮುಂದೆ ಹೋಗಿರುತ್ತದೆ. ಕಂಡಕ್ಟರಿಗೆ ಕೇಳಲಿಲ್ಲ. ತಾಲೂಕು ಕಚೇರಿಯಲ್ಲಿ ಕಿಟಕಿಯ ಹೊರಗೆ ನಿಂತು "ಸ್ವಾಮೀ, ಸ್ವಾಮೀ" ಎಂದರೆ ಒಳಗಿನವನು ಫ್ಯಾನು ನೋಡುತ್ತಾನೆ. ಕೇಳಲಿಲ್ಲ. ಅಡುಗೆಮನೆಯಿಂದ ಹೆಂಡತಿ ನಾಲ್ಕು ಸಲ ಕರೆದರೆ ಜಗಲಿಯಲ್ಲಿದ್ದ ಗಂಡನಿಗೆ ಕೇಳುವುದಿಲ್ಲ, ಅದೇ ಗಂಡನಿಗೆ ಪಕ್ಕದ ಮನೆಯ ಟಿವಿಯಲ್ಲಿ ವಿಕೆಟ್ ಬಿದ್ದದ್ದು ಕೇಳುತ್ತದೆ. (ನನ್ನ ಮನೆಯವರು ಹೋಗಿ ಬಹಳ ಕಾಲವಾಯಿತು. ಅವರಿಗೂ ಹೀಗೆಯೇ ಇತ್ತು. ಸತ್ತರೆಂದು ಸುಳ್ಳು ಬರೆಯಲೇ?) ಕಾಣಲಿಲ್ಲ ಎಂದರೆ ಕಣ್ಣು ಪರೀಕ್ಷೆ ಮಾಡಿಸಬಹುದು. ಕೇಳಲಿಲ್ಲ ಎಂದರೆ ಏನು ಮಾಡುತ್ತೀರಿ? ಬೇರೆಯವನ ಕಿವಿಯೊಳಗೆ ಹೋಗಿ ಕೂತು ನೋಡಲಾಗುತ್ತದೆಯೇ?

ಆಗುತ್ತದೆ ಎಂದು ನನಗೆ ಅನ್ನಿಸಿತು. ಅವನು ಹಾಕಿಕೊಂಡದ್ದನ್ನೇ ನಾನೂ ಹಾಕಿಕೊಂಡರಾಯಿತು!

ಹೀಗೆ ಇವತ್ತು ಹೊಳೆ ದಾಟಿದೆ. ಹೊರಡುವಾಗ ಮಾಲಿನಿಗೆ ಹೇಳಿದ್ದೆ, "ಈಚೆ ದಡದಲ್ಲೇ ನಿಂತಿರು. ನಾನು ಕೊಡೆ ಬಿಡಿಸಿದ ಕೂಡಲೇ ಕೂ ಹಾಕು. ಅವತ್ತಿನಷ್ಟೇ ಗಟ್ಟಿ. ಮುಚ್ಚಿದರೆ ನಿಲ್ಲಿಸು."

ಸುಬ್ರಾಯನ ಭಾವ, ಅಂದರೆ ಹೆಂಡತಿಯ ತಮ್ಮ, ವಿನಾಯಕ ಚಾ ಅಂಗಡಿಯಲ್ಲೇ ಇದ್ದ. ಕುಮಟೆ ಹತ್ತಿರದ ಹೊಳನಗದ್ದೆಯವನು. ಅಲ್ಲಿಯ ಮನೆಯಲ್ಲಿ ಮಕ್ಕಳ ಗಲಾಟೆ, ಕೇಳಿ ನೋಡಲು ಆಗುವುದಿಲ್ಲ ಎಂದು ಅಕ್ಕನ ಊರಿಗೆ ಬಂದು ಠಿಕಾಣಿ ಹೂಡಿದ್ದಾನೆ. ಎರಡು ಹೆಡ್‌ಫೋನ್ ತಂದಿದ್ದಾನೆ. ಒಂದನ್ನು ತನಗೆ ಇಟ್ಟುಕೊಂಡು ಇನ್ನೊಂದನ್ನು ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಗೆ ಕೊಡುವವನು. ಯಾವುದನ್ನು ಕೊಡುವುದು ಎಂದು ಒಂದು ತಿಂಗಳಿಂದ ತೀರ್ಮಾನವಾಗಿಲ್ಲ. ನಾನು ಅವನ ಅಕ್ಕನ ಮದುವೆಯನ್ನು ಇದಕ್ಕಿಂತ ಬೇಗ ತೀರ್ಮಾನ ಮಾಡಿಸಿದ್ದೆ.

"ನಂಗೂ ಕೇಳ್ಸು, ಮಗಾ" ಎಂದೆ.

ಅವನ ಮುಖ ಅರಳಿತು! ಇಡೀ ಊರಿನಲ್ಲಿ ಅವನ ಹೆಡ್‌ಫೋನನ್ನು ತಾನಾಗಿ ಕೇಳಿದವಳು ನಾನೊಬ್ಬಳೇ. ಸಿಡಿ ಪ್ಲೇಯರ್, ಅದರ ಪಕ್ಕ ಆಂಪ್ಲಿಫೈಯರ್ ಎಂಬ ಸಣ್ಣ ಡಬ್ಬಿ, ಡಬ್ಬಿಗೆ ಎರಡು ತೂತು. ಎರಡು ಹೆಡ್‌ಫೋನನ್ನೂ ಒಟ್ಟಿಗೆ ಚುಚ್ಚಬಹುದು. ಇಬ್ಬರು ಒಂದೇ ಪದ್ಯ ಕೇಳಿ, ಅದಲು ಬದಲು ಮಾಡಿಕೊಂಡು ಹೋಲಿಸಬಹುದು. ಕೇಳುವುದು ಯಕ್ಷಗಾನದ ಪದ್ಯ. ಚಂಡೆಯ ಪೆಟ್ಟಿನಲ್ಲಿ ಹೆಡ್‌ಫೋನಿನ ಬಂಡವಾಳ ಗೊತ್ತಾಗುತ್ತದಂತೆ.

"ಅವತ್ತೂ ಇದೇ ಪದ್ಯವಾ?" ಎಂದೆ.

"ಇದೇ ಅಜ್ಜಿ. ಹೋಲಿಸೂದಾದ್ರೆ ಪದ್ಯ ಬದ್ಲು ಮಾಡೂಕಿಲ್ಲ, ವಾಲ್ಯೂಮ್ ಮುಟ್ಟೂಕಿಲ್ಲ. ಅದು ರೂಲ್. ಇಲ್ಲಿ ಕಾಣಿ, ಪೆನ್ನಲ್ಲಿ ಗೆರೆ ಹಾಕಿದ್ದೆ. ತಂದ ದಿನದಿಂದ ಅಲ್ಲೇ ಉಂಟು."

ಒಳ್ಳೆಯ ರೂಲು. ನನಗೂ ಅದೇ ಬೇಕಿತ್ತು.

ಮೊದಲು ಕಪ್ಪನೆಯದ್ದು. ಮೆತ್ತನೆಯ ಚರ್ಮದ ಬಟ್ಟಲು ಎರಡು ಕಿವಿಯನ್ನೂ ನುಂಗಿತು. ವಿನಾಯಕನ ಬಾಯಿ ಅಲ್ಲಾಡಿತು, ಮಾತು ಬರಲಿಲ್ಲ. ಒಲೆಯ ಸದ್ದಿಲ್ಲ, ಕಾಗೆಯಿಲ್ಲ. ಆಮೇಲೆ ಚಂಡೆ ನನ್ನ ನೆತ್ತಿಯೊಳಗೇ ಬಡಿಯಿತು. ಸುಳ್ಳು ಯಾಕೆ, ಚಂದ ಇತ್ತು. ಭಾಗವತರು ಉಸಿರು ಎಳೆದುಕೊಂಡದ್ದೂ ಕೇಳಿತು. ನಾನು ಕೊಡೆ ಬಿಡಿಸಿದೆ. ಆಚೆ ಮಾಲಿನಿ ಕೈಯನ್ನು ಬಾಯಿಗೆ ಹಿಡಿದದ್ದು ಕಂಡಿತು. ಕೂ ಕೇಳಲಿಲ್ಲ. ಚಂಡೆ ನಿಂತ ಕಡೆಯೂ ಕೇಳಲಿಲ್ಲ. ಹೊಳೆಯೇ ಇಲ್ಲವೇನೋ ಎನ್ನುವಷ್ಟು ಕೇಳಲಿಲ್ಲ.

ಕೊಡೆ ಮುಚ್ಚಿ, ತೆಗೆದು ಕೊಟ್ಟೆ. ಬೆಂಚಿನ ತುದಿಯಲ್ಲಿ ಸುಬ್ರಾಯ ಬೀಡಿ ಹಿಡಿದು ಕೂತಿದ್ದ. "ಆತಾ ದೊಡ್ಡಮ್ಮಾ? ನಾ ಹೇಳಿದ್ದು ಈಗ ಗೊತ್ತಾತಾ?" ಎಂದ. ಗೊತ್ತಾಯಿತು ಎಂದೇ ನಾನೂ ಅಂದುಕೊಂಡೆ. ಮೆಷಿನ್ನಿನ ತಪ್ಪು. ಮನೆಗೆ ಹೋಗಿ ಗಣಪಿಗೆ ಹಾಗೆಯೇ ಹೇಳಬೇಕು ಎಂದು ಎದ್ದೂ ಆಗಿತ್ತು.

ವಿನಾಯಕ ಬಿಡಬೇಕಲ್ಲ! "ಕೂತ್ಕಳಿ ಅಜ್ಜಿ, ಒಂದೇ ಕೇಳಿದ್ರೆ ಎಂತ ಗೊತ್ತಾಗ್ತದೆ? ಇದೂ ಕೇಳಿ. ಇದು ಓಪನ್. ಹಿಂದೆ ಕಾಣಿ, ಜಾಳಿಗೆ ಉಂಟು. ಆಟದ ಮುಂದಿನ ಸಾಲಲ್ಲಿ ಕೂತ ಹಾಂಗೆ ಆಗ್ತದೆ. ಒಂದೇ ದೋಷ, ಹೊರಗಿನ ಗಲಾಟೆ ಎಲ್ಲ ಒಳಗೆ ಬತ್ತದೆ."

ಹಾಕಿದ. ಅದೇ ಪದ್ಯ, ಅದೇ ಗೆರೆ. ಕೊಡೆ ಬಿಡಿಸಿದೆ.

ಕೂ ಬಂತು.

ಹೊಳೆ ದಾಟಿ, ಚಂಡೆಯ ಎರಡು ಪೆಟ್ಟಿನ ನಡುವೆ ಸೀದಾ ನನ್ನ ಕಿವಿಗೆ ಬಂತು. ಮತ್ತೊಂದು ಬಂತು. ಮೋನಾಬಾಯಿ ಚಮಚ ಅಲ್ಲಾಡಿಸಿದ್ದು, ಸುಬ್ರಾಯ ಕೆಮ್ಮಿದ್ದು, ಎಲ್ಲವೂ ಬಂತು. ಮಾಲಿನಿಯ ಗಂಟಲು ಮೂರನೆಯದಕ್ಕೆ ಒಡೆದದ್ದೂ ಗೊತ್ತಾಯಿತು.

ನಾನು ಹೆಡ್‌ಫೋನ್ ತೆಗೆಯದೆ ಕೇಳಿದೆ, "ಮೋನಾಬಾಯಿ, ಅವತ್ತು ನೀನು ಇವನ ತಲೆಯಿಂದ ಕಿತ್ತದ್ದು ಯಾವುದು?"

ಮೋನಾಬಾಯಿ ಚಾ ಸೋಸುತ್ತಿದ್ದಳು. ಕೈಯಲ್ಲಿದ್ದ ಜರಡಿ ಎತ್ತಿ ತೋರಿಸಿದಳು. "ಬಾಯೇ, ಅದೇ, ನಿನ್ನ ತಲೆ ಮೇಲೆ ಇರೂದು. ಇದರ ಹಾಂಗೆ ಜರಡಿ ಇರೂದು. ನನ್ನ ಬೆರಳು ಸಿಕ್ಕಿ ಉಗುರು ಕಿತ್ತು ಹೋಗಿತ್ತು. ಕಪ್ಪುದು ಇವನ ತಲೆ ಮೇಲೆ ಇತ್ತು" ಎಂದು ವಿನಾಯಕನನ್ನು ತೋರಿಸಿದಳು.

ವಿನಾಯಕ ಸುಬ್ರಾಯನನ್ನು ನೋಡಿದ. ಹೆಡ್‌ಫೋನಿನ ವಿಷಯದಲ್ಲಿ ಆ ಹುಡುಗನಿಗೆ ಸುಳ್ಳು ಬರುವುದಿಲ್ಲ. "ಹೌದು, ಓಪನ್ ನಿಮಗೇ ಕೊಟ್ಟಿದ್ದೆ. ಚಂಡೆ ಇದರಲ್ಲೇ ಚಲೋ ಅಂದ್ರಿ" ಎಂದ.

ಈಗ ಹೇಳಿ, ಮೆಷಿನ್ನಿನ ತಪ್ಪು ಎಂದವರೇ. ಊರಿನ ಹಿರಿಯರೇ. ಬಿಡಿ ದೊಡ್ಡಮ್ಮಾ ಎಂದವನೇ.

"ಸುಬ್ರಾಯಾ" ಎಂದೆ.

ಅವನು ಬೀಡಿಯನ್ನು ನೆಲಕ್ಕೆ ತಿಕ್ಕಿದ. ಆರಿದ ಮೇಲೂ ತಿಕ್ಕಿದ. "ಕೇಳ್ತು, ದೊಡ್ಡಮ್ಮಾ. ಯಾರೋ ಪ್ಯಾಟಿಗೆ ಹೊರಟವರು ಅಂದ್ಕಂಡೆ. ಪದ್ಯ ಮುಗೀಲಿ, ಹೋದ್ರಾತು ಅಂದ್ಕಂಡೆ."

"ಪ್ಯಾಟಿಗೆ ಹೋಗುವವರು ಉಸಿರು ಬಿಡದೆ ಕೂ ಹಾಕ್ತಾರಾ?"

ಅವನು ಇನ್ನೊಂದು ಬೀಡಿ ಹಚ್ಚಿದ. ಈ ಪ್ರಶ್ನೆಯೂ ಕೇಳಲಿಲ್ಲವೋ ಏನೋ.

ನಾನು ಬೈದದ್ದನ್ನು ಇಲ್ಲಿ ಬರೆದರೆ ಪತ್ರಿಕೆಯವರು ಅಚ್ಚು ಮಾಡುವುದಿಲ್ಲ. ಆಚೆ ದಡದಲ್ಲಿದ್ದ ಮಾಲಿನಿಗೆ ಪ್ರತಿಯೊಂದು ಮಾತೂ ಕೇಳಿತಂತೆ, ಹೆಡ್‌ಫೋನಿನ ಸಹಾಯವಿಲ್ಲದೆ. ಬೈದು ಮುಗಿದ ಮೇಲೆ ವಿನಾಯಕ ಹೆದರುತ್ತಾ, "ಅಜ್ಜಿ, ಹಂಗಾರೆ ಯಾವುದು ಚಲೋ?" ಎಂದ. ಅವನನ್ನೂ ಸೇರಿಸಿ ಇನ್ನೊಮ್ಮೆ ಬೈದೆ.

ನನಗೆ ಸಿಟ್ಟು ಹೆಡ್‌ಫೋನಿನ ಮೇಲೆ ಅಲ್ಲ. ಅದು ತನ್ನ ಕೆಲಸ ಮಾಡಿತು. ಕಪ್ಪನೆಯದ್ದು ಮುಚ್ಚುತ್ತೇನೆ ಎಂದಿತು, ಮುಚ್ಚಿತು. ಜಾಳಿಗೆಯದ್ದು ಬಿಡುತ್ತೇನೆ ಎಂದಿತು, ಬಿಟ್ಟಿತು. ಇಷ್ಟು ದುಡ್ಡು ಕೊಟ್ಟು ತಂದ ಸಾಮಾನು ಹೊಳೆಯಾಚೆಯ ಒಂದು ಹೆಂಗಸಿನ ಗಂಟಲನ್ನು ಅವನ ಕಿವಿಯ ತನಕ ಜೋಪಾನವಾಗಿ ತಂದು ಮುಟ್ಟಿಸಿತ್ತು. ಅಲ್ಲಿಂದ ಮುಂದಿನ ದಾರಿ ಅವನದ್ದು. ಅಷ್ಟು ದೂರವನ್ನು ಅವನು ನಡೆಯಲಿಲ್ಲ. ಮತ್ತೆ ದೇವರಾಣೆ ಬೇರೆ.

ಸಂಜೆ ಗಣಪಿಯ ಮನೆಗೆ ಹೋದೆ. ಕಾಲನ್ನು ದಿಂಬಿನ ಮೇಲೆ ಇಟ್ಟುಕೊಂಡು ಕೂತಿದ್ದಳು. ಮಾಲಿನಿ ಮೊದಲೇ ಹೋಗಿ ಹೇಳಿಬಿಟ್ಟಿದ್ದಳು. ಗಣಪಿ ಅಳಲಿಲ್ಲ, ಶಾಪ ಹಾಕಲಿಲ್ಲ.

"ದೊಡ್ಡಮ್ಮಾ, ನೀವು ಬೈದದ್ದು ಆತು. ನಾಳೆ ನಂಗೆ ಡ್ರೆಸ್ಸಿಂಗ್ ಉಂಟು. ದೋಣಿ ಅವ್ನದ್ದೇ" ಎಂದಳು.

ಕಾಲಿಗೆ ಕಟ್ಟಿದ ಬಟ್ಟೆಯನ್ನು ನೋಡಿದೆ. ತಾರಿಯ ಗುತ್ತಿಗೆ ಅವನದೇ. ಸೇತುವೆ ಮುಂದಿನ ಎಲೆಕ್ಷನ್ನಿಗೆ. ಬೆಳಿಗ್ಗೆ ನಾನೇ ಅವಳನ್ನು ನೀರಿನ ಅಂಚಿಗೆ ಕರೆದುಕೊಂಡು ಹೋಗಬೇಕು.

ನೀವೇ ಹೇಳಿ, ಹೋದ ಕೂಡಲೇ ಕೂ ಹಾಕಲೇ, ಅವನ ಪದ್ಯ ಮುಗಿಯುವ ತನಕ ಕಾಯಲೇ?